ಇಂದಿನ ಧಮ್ಮ ಚಿಂತನೆ: ಮಂಕು ದೀಪಕ್ಕೂ ಕಾರಣ ಉಂಟು



ಬಿಡುವಿನಲ್ಲಿ ನಾನು ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರೊಂದನ್ನು ಕೈಯಾರೆ ರಿಪೇರಿ ಮಾಡುತ್ತೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ. ಇಷ್ಟು ವಯಸ್ಸಾದ ಗಾಡಿಯ ಹೆಡ್‌ಲೈಟ್ ಮಂಕಾದರೆ "ಅದರ ಹಣೆಬರಹ ಅಷ್ಟೇ" ಅನ್ನುವವರೇ ಹೆಚ್ಚು.

ನಾನು ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದನ್ನು ದೀಪದ ಅರ್ತ್ ವೈರಿಗೆ ಇಡುತ್ತೇನೆ. ಸೊನ್ನೆಯ ಹತ್ತಿರ ಇರಬೇಕು. 1 ವೋಲ್ಟ್ ತೋರಿಸಿದರೆ ನಡುವೆ ಎಲ್ಲೋ ತುಕ್ಕು ಕೂತಿದೆ ಅಥವಾ ಬೋಲ್ಟ್ ಸಡಿಲವಾಗಿದೆ. ಬ್ಯಾಟರಿ ಕಳಚಿ, ಆ ಜಾಗ ತಿಕ್ಕಿ, ಬಿಗಿ ಮಾಡಿದರೆ ದೀಪ ಬೆಳಗುತ್ತದೆ. ಬಲ್ಬ್ ಬದಲಿಸುತ್ತಾ ಕೂತಿದ್ದರೆ ಬೆಳಗುತ್ತಿರಲಿಲ್ಲ.

ಕಾರಣವಿಲ್ಲದೆ ಯಾವುದೂ ಹುಟ್ಟದು, ಕಾರಣ ಹೋದರೆ ಫಲವೂ ಹೋಗುತ್ತದೆ. ಇದೇ ಪಟಿಚ್ಚ ಸಮುಪ್ಪಾದ.

ನಮ್ಮ ಹಿರಿಯರ ಕಷ್ಟಕ್ಕೂ "ಹಿಂದಿನ ಜನ್ಮದ ಕರ್ಮ" ಎಂದೇ ಹೇಳಿದ್ದರು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಆ ಮಾತನ್ನು ಒಪ್ಪಲಿಲ್ಲ. ಜಾತಿಯ ಕತ್ತಲೆ ಹಣೆಯಲ್ಲಿ ಬರೆದದ್ದಲ್ಲ, ಮನುಷ್ಯರು ಕೂರಿಸಿದ ತುಕ್ಕು. ಅದನ್ನು ಮನುಷ್ಯರೇ ತಿಕ್ಕಿ ತೆಗೆಯಬೇಕು.

ಮಗು ಓದಿನಲ್ಲಿ ಹಿಂದೆ ಬಿದ್ದರೆ ಹಣೆಬರಹ ಅನ್ನಬೇಡಿ. ಬೋರ್ಡ್ ಕಾಣಿಸುತ್ತಿದೆಯೇ? ಶಾಲೆಯಲ್ಲಿ ಯಾರಾದರೂ ಹೀಯಾಳಿಸುತ್ತಿದ್ದಾರೆಯೇ? ಇಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಭವತು ಸಬ್ಬ ಮಂಗಲಂ 🪷