ಎಲ್ಲವನ್ನೂ ಒಳಗೊಳ್ಳುವ ಮಾತುಗಳು

ಮೊದಲು ಒಂದು ಕತ್ತಲ ಹಾದಿ, ಹಾದಿಯ ಕೊನೆಗೆ ಮೆಟ್ಟಿಲು. ಹತ್ತುತ್ತ ಹೋದಂತೆ ಹೊರಗಿನ ಬೀದಿಯ ಗದ್ದಲ ಹಿಂದೆ ಸರಿದು, ಕಣ್ಣು ಮಬ್ಬಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಥಟ್ಟನೆ ಸುತ್ತಲೂ ಬೆಳಕು, ಬೆಳಕಿನ ತುಂಬ ಕಡಲು, ಕಡಲ ಮೇಲೆ ಹಾಯಿ ಬಿಚ್ಚಿದ ಹಡಗುಗಳು. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರಿನ ಬಳಿ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ಕಟ್ಟಿಸಿದ ದುಂಡು ಕಟ್ಟಡದೊಳಗೆ ಕಾಸು ಕೊಟ್ಟು ಹೋದವರಿಗೆ ಕಂಡದ್ದು ಇದು. ಗೋಡೆಯುದ್ದಕ್ಕೂ ಒಂದೇ ಚಿತ್ರ. ಅದರ ಮೇಲಂಚು ಮರೆ, ಕೆಳಗಂಚು ಮರೆ, ಬೆಳಕು ಇಳಿಯುವ ಕಿಂಡಿಯೂ ಮರೆ. ಎಡಕ್ಕೆ ತಿರುಗುತ್ತ ಹೋದರೆ ಅದು ಮುಗಿಯದೆ, ಯಾವ ಅಲೆಯಿಂದ ಹೊರಟೆವೋ ಆ ಅಲೆಗೇ ಮರಳಿ ತಂದು ನಿಲ್ಲಿಸುತ್ತದೆ. ಎಡಿನ್‌ಬರೊದ ಕಾಲ್ಟನ್ ಗುಡ್ಡದ ಮೇಲೆ ನಿಂತು ಸುತ್ತಲೂ ನೋಡಿದಾಗ ಆದ ಬೆರಗನ್ನು ಕ್ಯಾನ್ವಾಸಿಗೆ ಇಳಿಸುವ ಬಗೆ ಹುಡುಕಿ, 1787ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ ಬಾರ್ಕರ್. ಅವನ ಕಸುಬಿಗೆ ಗ್ರೀಕಿನಿಂದ ಹೊಸೆದ, ‘ಎಲ್ಲದರ ನೋಟ’ ಎಂಬರ್ಥದ ಪ್ಯಾನೊರಾಮಾ ಎಂಬ ಹೆಸರು ಬಂತು. ಆ ಹೆಸರಿನಿಂದ ಇಂಗ್ಲಿಷಿಗೆ ಪ್ಯಾನೊರಾಮಿಕ್ ಎಂಬ ವಿಶೇಷಣ ಬಂತು. ಇಂದು ಬೆಟ್ಟದ ತುದಿಯಲ್ಲಿ ಫೋನು ಹಿಡಿದು ಮೆಲ್ಲಗೆ ಸುತ್ತು ತಿರುಗುವ ಎಷ್ಟು ಜನ, ತಿಳಿಯದೆಯೇ, ಬಾರ್ಕರನ ದುಂಡು ಮನೆಯ ನಡುಕಟ್ಟೆಯ ಮೇಲೆ ನಿಂತಿರುತ್ತಾರೆ!

ಆ ಕಾಲದ ಬೆರಗಿನಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ಪಾಲಿತ್ತು. 1799ರ ಮೇ ತಿಂಗಳಲ್ಲಿ ಟಿಪ್ಪುವಿನ ಕೋಟೆ ಬಿದ್ದ ಮರುವರ್ಷವೇ, ಕಾವೇರಿಯನ್ನು ಕಣ್ಣಾರೆ ಕಾಣದ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಆ ಮುತ್ತಿಗೆಯನ್ನು ನೂರಡಿಗೂ ಮೀರಿದ ಚಿತ್ರವಾಗಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ತೆರೆದಿಟ್ಟ. ಜನ ಮುಗಿಬಿದ್ದು ನೋಡಿದರು. ಹೊಗೆ, ಏಣಿ, ಒಡೆದ ಗೋಡೆ, ಮೇಲೇರುವ ಸಿಪಾಯಿಗಳು. ಅಷ್ಟಗಲದ ನೋಟ, ಆದರೆ ನೋಡುವ ಕಣ್ಣು ಒಂದೇ ಕಡೆಯದು, ಗೆದ್ದವರದು. ಕೋಟೆಯೊಳಗೆ ಒಲೆ ಹೊತ್ತಿಸದೆ ಕೂತಿದ್ದ ಮನೆಗಳಿಂದ ಆ ದಿನ ಹೇಗೆ ಕಂಡಿತ್ತೋ. ಪ್ಯಾನೊರಾಮಿಕ್ ಎಂಬ ಮಾತಿನ ಬಗ್ಗೆ ನನಗೆ ಅಕ್ಕರೆಯಿದ್ದೂ ಪೂರ್ತಿ ಮನಸ್ಸು ಒಪ್ಪಿಸಲಾರದ್ದು ಇದಕ್ಕೇ: ಅದು ಎಲ್ಲವನ್ನೂ ಕಾಣುತ್ತದೆ, ಆದರೆ ನಡುವೆ ನಿಂತವನಿಗಾಗಿ ಮಾತ್ರ.

ಬಾರ್ಕರನ ದುಂಡು ಮನೆಗೆ ಆಮೇಲೆ ಒದಗಿದ ಬಾಳನ್ನು ನೆನೆದರೆ ಮಾತ್ರ ಮೈ ನವಿರೇಳುತ್ತದೆ. 1860ರ ದಶಕದಲ್ಲಿ ಅದನ್ನು ಕೊಂಡ ಫ್ರೆಂಚ್ ಪಾದ್ರಿಗಳು ಅಲ್ಲಿ ನೋತ್ರ್ ದಾಮ್ ದ ಫ್ರಾನ್ಸ್ ಎಂಬ ಇಗರ್ಜಿಯನ್ನು ಮಾಡಿದರು. 1940ರ ಬಾಂಬು ಅದನ್ನು ಒಡೆಯಿತು; ಮತ್ತೆ ಕಟ್ಟಿದಾಗಲೂ ಹಳೆಯ ದುಂಡನ್ನು ಬಿಡಲಿಲ್ಲ. ಕಡಲು ಸುತ್ತುವರಿದಿದ್ದ ಜಾಗದಲ್ಲಿ ಈಗ ಬೆಂಚುಗಳು, ಮೇಣದ ಬತ್ತಿಯ ಕಂಪು, ಮೇಲಿನಿಂದ ಅದೇ ತಿಳಿಬೆಳಕು. ಒಂದು ಬದಿಯ ಗೋಡೆಯಲ್ಲಿ ಕವಿ, ಚಿತ್ರಕಾರ ಝಾನ್ ಕಾಕ್ತೊ ಬರೆದ ಶಿಲುಬೆಯ ಚಿತ್ರವಿದೆ. ಅದರಲ್ಲಿ ಕ್ರಿಸ್ತನ ಮುಖವಿಲ್ಲ, ಎದೆಯಿಲ್ಲ, ಚಾಚಿದ ತೋಳಿಲ್ಲ. ಮೊಳೆ ಹೊಡೆದ ಪಾದಗಳು, ಅವುಗಳಿಂದ ತೊಟ್ಟಿಕ್ಕುವ ನೆತ್ತರು, ಕೆಳಗೊಂದು ದೊಡ್ಡ ಗುಲಾಬಿ, ಆಕಾಶದಲ್ಲಿ ಕಪ್ಪು ಸೂರ್ಯ. ಇಡಿಯಾಗಿ ತೋರಿಸಲೆಂದೇ ಕಟ್ಟಿದ ಮನೆಯಲ್ಲಿ ಇಷ್ಟೇ ಇಷ್ಟು ಬಿಡಿ, ಆ ಬಿಡಿಯ ಮುಂದೆ ಮೊಣಕಾಲೂರಿದವರ ಪಾಲಿಗೆ ಅಲ್ಲೇ ಎಲ್ಲವೂ.

ಆ ಇಗರ್ಜಿ ಕ್ಯಾಥೊಲಿಕ್ ಪಂಥದ್ದು, ಮತ್ತು ಆ ಮಾತಿಗೂ ಗ್ರೀಕಿನಲ್ಲಿ ಇಡಿಗೆ ಸಂದದ್ದು ಎಂದೇ ಅರ್ಥ. ಎರಡನೆಯ ಶತಮಾನದ ಆರಂಭದಲ್ಲಿ, ಕಾವಲುಗಾರರ ನಡುವೆ ರೋಮಿನತ್ತ ಸಾವಿಗೆ ನಡೆಯುತ್ತಿದ್ದ ಅಂತಿಯೋಕಿನ ಬಿಷಪ್ ಇಗ್ನೇಷಿಯಸ್, ಸ್ಮಿರ್ನಾದ ಜನರಿಗೆ ಬರೆದ ಓಲೆಯಲ್ಲಿ ಕ್ರೈಸ್ತ ಸಭೆಯನ್ನು ಆ ಮಾತಿನಿಂದ ಕರೆದಿದ್ದ. ಕಾಲಿಗೆ ಇದ್ದ ನೆಲ ರೋಮಿನವರೆಗಿನ ದಾರಿಯಷ್ಟೆ, ನಾಲಿಗೆಯ ಮೇಲೆ ಇಡೀ ಲೋಕ. ಇಂದು ಇಂಗ್ಲಿಷಿನಲ್ಲಿ ಒಬ್ಬಳ ಸಂಗೀತದ ಅಭಿರುಚಿ ಕ್ಯಾಥೊಲಿಕ್ ಎಂದರೆ, ಎಲ್ಲ ಬಗೆಯ ರಾಗಕ್ಕೂ ಅವಳ ಕಿವಿ ತೆರೆದಿದೆ ಎಂದಷ್ಟೆ. ಎಕ್ಯುಮೆನಿಕಲ್ ಎಂಬ ಇನ್ನೊಂದು ವಿಶೇಷಣದ ಬುಡದಲ್ಲಿ ಕಾಣುವುದು ಓಯ್ಕೊಸ್, ಎಂದರೆ ಮನೆ. ಮನೆಯಿಂದ ಒಕ್ಕಲು, ಒಕ್ಕಲಿನಿಂದ ಮನುಷ್ಯರು ಬಾಳಿದ ನೆಲವೆಲ್ಲ, ಹೀಗೆ ಹಿಗ್ಗುತ್ತ ಹಿಗ್ಗುತ್ತ 325ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪ್‌ಗಳ ಮಹಾಸಭೆಯವರೆಗೂ ಅದು ಬೆಳೆಯಿತು. ಅಷ್ಟು ಬೆಳೆದರೂ ಒಲೆಯ ಬಿಸಿ ಅದರೊಳಗೆ ಆರಿಲ್ಲವೆಂದೇ ನನಗೆ ಅನ್ನಿಸುತ್ತದೆ. ಇಡೀ ಭೂಮಿಯನ್ನು ಹೆಸರಿಸಲು ಹೊರಟ ಮನುಷ್ಯ ಮೊದಲು ಮುಟ್ಟಿದ್ದು ತನ್ನ ಹೊಸ್ತಿಲನ್ನು.

ಹೊಸ್ತಿಲೂ ಇಲ್ಲದ ವಿಶೇಷಣ ಓಶಿಯಾನಿಕ್. ರಾಮಕೃಷ್ಣ ಪರಮಹಂಸರ ಬದುಕಿನಲ್ಲಿ ಮುಳುಗಿದ್ದ ಫ್ರೆಂಚ್ ಲೇಖಕ ರೊಮೇನ್ ರೋಲಾ 1927ರಲ್ಲಿ ಫ್ರಾಯ್ಡನಿಗೆ ಕಾಗದ ಬರೆದು, ದಡವಿಲ್ಲದ, ಕಡಲಿನಂಥ ಒಂದು ಭಾವವಿದೆ, ಧರ್ಮಗಳೆಲ್ಲ ಅದರಿಂದಲೇ ಉಕ್ಕುತ್ತವೆ ಎಂದಿದ್ದ. ಅಂಥದ್ದು ತನ್ನೊಳಗೆ ಸಿಗಲಿಲ್ಲವೆಂದು ಫ್ರಾಯ್ಡ್ ಒಪ್ಪಿಕೊಂಡ. ಆ ಪ್ರಾಮಾಣಿಕತೆಯೂ ನನಗೆ ದೊಡ್ಡದೇ.

ಇವೆಲ್ಲದರ ನಡುವೆ ನನ್ನ ತಲೆ ಬಾಗುವುದು ಓಮ್ನಿಬಸ್ ಎಂಬ ಮಾತಿಗೆ. ಹಲವು ಸಂಗತಿಗಳನ್ನು ಒಂದೇ ಕಟ್ಟಿನಲ್ಲಿ ತುಂಬಿದ ಮಸೂದೆಗೆ, ಹಲವು ಕಾದಂಬರಿಗಳನ್ನು ಸೇರಿಸಿ ಹೊಲಿದ ಸಂಪುಟಕ್ಕೆ ಇಂಗ್ಲಿಷಿನಲ್ಲಿ ಅದೇ ವಿಶೇಷಣ. ಲ್ಯಾಟಿನ್ನಿನಲ್ಲಿ ಅದು ಚತುರ್ಥಿ ವಿಭಕ್ತಿ: ಎಲ್ಲರಿಗೆ. 1829ರಲ್ಲಿ ಜಾರ್ಜ್ ಶಿಲ್ಲಿಬಿಯರ್ ಪ್ಯಾಡಿಂಗ್ಟನ್ನಿನಿಂದ ಲಂಡನ್ನಿನ ಬ್ಯಾಂಕಿನವರೆಗೆ ಓಡಿಸಿದ ಕುದುರೆ ಬಂಡಿಯ ಹೆಸರೂ ಅದೇ ಆಗಿತ್ತು. ಕಾಸು ಕೊಟ್ಟ ಯಾರೇ ಆಗಲಿ ಹತ್ತಬಹುದಿತ್ತು, ಅಪರಿಚಿತರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬಹುದಿತ್ತು. ಕಾಣುವ ಅಗಲಕ್ಕಿಂತ ಕೂಡಿಸಿಕೊಳ್ಳುವ ಅಗಲ ದೊಡ್ಡದು, ಇದು ನನ್ನ ಗಟ್ಟಿ ನಂಬಿಕೆ. ಜನ ಆಡಿ ಆಡಿ ಆ ಮಾತಿನ ಮುಂಭಾಗ ಸವೆದುಹೋಗಿ ಬಾಲವಷ್ಟೇ ಉಳಿಯಿತು. ನಾವು ದಿನಬೆಳಗಾದರೆ ಕಾಯುವ, ಓಡಿ ಹಿಡಿಯುವ, ಕನ್ನಡದ ಉಕಾರ ಹಚ್ಚಿ ಕರೆಯುವ ಬಸ್ಸು, ಲ್ಯಾಟಿನ್ನಿನ ಆ ಮಾತಿನಲ್ಲಿ ಬರೀ ವಿಭಕ್ತಿ ಪ್ರತ್ಯಯ. ನಮ್ಮ ‘ಎಲ್ಲರಿಗೆ’ಯಲ್ಲಿ ಕೊನೆಗೆ ಬರುವ ‘ಗೆ’.