ಹೊಣೆ ಯಾವುದು, ಹೊರೆ ಯಾವುದು?

ನಮ್ಮ ಮನೆಗಳಲ್ಲಿ ಚಿಂತೆಗೆ ಒಂದು ಗೌರವಸ್ಥಾನವಿದೆ. ಮಗಳ ವಿವಾಹಕ್ಕಾಗಿ ನಿದ್ದೆಗೆಡುವ ತಂದೆಯನ್ನು ಹೊಣೆಗಾರನೆಂದೂ, ಪರದೇಶದಲ್ಲಿರುವ ಮಗನ ದೂರವಾಣಿ ಒಂದು ದಿನ ತಪ್ಪಿದರೆ ಊಟ ಬಿಡುವ ತಾಯಿಯನ್ನು ವಾತ್ಸಲ್ಯಮಯಿಯೆಂದೂ ಕರೆಯುತ್ತೇವೆ. ಕೆಲಸ ಮುಗಿಸಿ ನೆಮ್ಮದಿಯಾಗಿ ಮಲಗುವವನನ್ನು ಕಂಡರೆ, "ಅವನಿಗೇನಪ್ಪ, ನಿಶ್ಚಿಂತ ಪುರುಷ" ಎಂದು ಆಡಿಕೊಳ್ಳುತ್ತೇವೆ. ಆ ಮಾತಿನಲ್ಲಿ ಹೊಗಳಿಕೆಯ ಲೇಶವೂ ಇರುವುದಿಲ್ಲ. ಚಿಂತೆಯನ್ನು ಬಿಡಿರೆಂದು ಪ್ರವಚನಗಳಲ್ಲಿ ನೂರು ಸಲ ಕೇಳಿಯೂ ನಾವು ಬಿಡದಿರುವುದಕ್ಕೆ ಕಾರಣ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಬಿಡಲಾರದೆ ಬಿಡದಿರುವುದು ಒಂದು ಪಾಲಾದರೆ, ಬಿಟ್ಟರೆ ಕರ್ತವ್ಯಚ್ಯುತಿಯಾದೀತೆಂಬ ಅಂಜಿಕೆ ಮೂರು ಪಾಲು. ಆದುದರಿಂದ ಚಿಂತೆ ಕೆಟ್ಟದ್ದೆಂದು ಮತ್ತೊಮ್ಮೆ ಬರೆಯುವುದರಿಂದ ಪ್ರಯೋಜನವಿಲ್ಲ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂಬ ಹಳೆಯ ಮಾತನ್ನು ಕೇಳಿ ಚಿಂತೆ ಕಡಿಮೆಯಾದವರನ್ನು ನಾವು ಕಾಣೆವು. 'ಅಯ್ಯೋ, ಚಿಂತಿಸುತ್ತಿರುವೆವಲ್ಲ' ಎಂಬ ಹೊಸ ಚಿಂತೆ ಹಿಡಿದವರನ್ನು ಕಂಡಿದ್ದೇವೆ. ಚಿಂತೆಯು ನಿಜವಾಗಿ ಹೊಣೆಯೇ, ಅಥವಾ ಹೊಣೆಯ ವೇಷ ತೊಟ್ಟ ಬೇರೊಂದೇ ಎಂಬುದನ್ನು ಮೊದಲು ವಿಚಾರಿಸಬೇಕು.

ಈ ವಿಚಾರಕ್ಕೆ ನಮ್ಮ ಬಳ್ಳಾರಿ ಸೀಮೆಗಿಂತ ತಕ್ಕ ನೆಲ ಬೇಕಾಗಿಲ್ಲ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡು ಇದು. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ ಬಂದ ಮಹಾಕ್ಷಾಮದಲ್ಲಿ, ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಈ ಜಿಲ್ಲೆ ತೀವ್ರವಾಗಿ ನೊಂದಿತು. ಇಲ್ಲಿಯವರಿಗೆ ನಾಳಿನ ಭಯವು ಕಲ್ಪಿತವಾದುದಲ್ಲ. ಹಾಗಿದ್ದೂ ಈ ನೆಲದಲ್ಲಿ ಮನುಷ್ಯರು ನಾಲ್ಕೈದು ಸಾವಿರ ವರ್ಷಗಳ ಹಿಂದೆಯೇ ಬೇಸಾಯ ಮಾಡಿ ಬದುಕಿದ್ದರು. ಬಳ್ಳಾರಿಯ ಮಗ್ಗುಲಲ್ಲಿಯೇ ಇರುವ ಸಂಗನಕಲ್ಲಿನ ಹಿರೇಗುಡ್ಡ, ಸಣ್ಣರಾಚಮ್ಮನ ಗುಡ್ಡಗಳು ಅದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರೂ, 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರೂ, ನಮ್ಮ ಕಾಲದಲ್ಲಿ ರವಿ ಕೊರಿಶೆಟ್ಟರ್ ಮತ್ತು ಸಂಗಡಿಗರೂ ಈ ಪ್ರದೇಶವನ್ನು ಶೋಧಿಸಿದರು. ಕರಿಗಲ್ಲನ್ನು ಬಂಡೆಯಿಂದ ಸೀಳಿ, ಕುಟ್ಟಿ, ಉಜ್ಜಿ ನುಣುಪುಗೊಳಿಸಿ ಕೊಡಲಿ ಮಾಡುವ ದೊಡ್ಡ ಕಾರ್ಯಶಾಲೆಯೇ ಹಿರೇಗುಡ್ಡದ ಮೇಲಿತ್ತು. ಅಗೆದ ಮಣ್ಣನ್ನು ಜಾಲಿಸಿದಾಗ ಸುಟ್ಟು ಕರಿಕಾದ ಕಾಳುಗಳು ದೊರೆತವು: ಹುರುಳಿ, ಹೆಸರು, ಕೊರಲೆ.

ಆ ಜನರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಹೇಳಲಾರದು. ಅವರ ಕೈ ಏನು ಮಾಡಿತೆಂಬುದನ್ನು ಹೇಳುತ್ತದೆ. ಹುರುಳಿಯೂ ಕೊರಲೆಯೂ ಅಲ್ಪ ಮಳೆಗೆ ಬರುವ ಧಾನ್ಯಗಳು. ಮಳೆ ಕೈಕೊಡಬಹುದೆಂಬ ಅರಿವು ಆ ಕಾಳಿನಲ್ಲಿಯೇ ಬಿತ್ತಲ್ಪಟ್ಟಿತ್ತು. ಮುಂದಾಲೋಚನೆಯೆಂದರೆ ಇದು. ಅದು ಯಾವುದಾದರೊಂದು ಕೆಲಸದಲ್ಲಿ ಪರ್ಯವಸಾನಗೊಳ್ಳುತ್ತದೆ. ಕೆಲಸವಾದ ಮೇಲೆ ತಾನು ಸುಮ್ಮನಾಗುತ್ತದೆ.

ನಮ್ಮ ಕಡೆಯ ಜೋಳದ ಹಗೇವನ್ನು ಹಿರಿಯರಲ್ಲಿ ಅನೇಕರು ಕಂಡಿರಬಹುದು. ನೆಲದಲ್ಲಿ ಆಳವಾದ ಗುಣಿ ತೋಡಿ, ಸುತ್ತಲೂ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಅದರಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕೆಡದಿರುವುದಕ್ಕೆ ಕಾರಣ ಒಳಗೆ ಗಾಳಿಯಾಡದಿರುವುದು. ಗಾಳಿಯಿಲ್ಲದೆಡೆ ಹುಳ ಬದುಕುವುದಿಲ್ಲ, ತೇವ ಸೇರುವುದಿಲ್ಲ. ಬೇಕಾದಾಗ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು ಬಳಿಕ ಇಳಿಯುತ್ತಿದ್ದರು. ಈಗ ಒಬ್ಬ ಯಜಮಾನನನ್ನು ಊಹಿಸೋಣ. ಕಾಳು ಸುರಕ್ಷಿತವಾಗಿದೆಯೋ ಇಲ್ಲವೋ ಎಂಬ ಕಳವಳದಿಂದ ಆತ ಪ್ರತಿರಾತ್ರಿ ಎದ್ದು ಹಗೇವಿನ ಬಾಯಿ ತೆಗೆದು ನೋಡುತ್ತಾನೆ. ಅವನಷ್ಟು ಜಾಗರೂಕನು ಊರಿನಲ್ಲಿ ಬೇರೊಬ್ಬನಿಲ್ಲ. ಆದರೆ ಮೊದಲು ಮುಗ್ಗುವುದು ಅವನ ಜೋಳವೇ. ತುಂಬಿ ಮುಚ್ಚುವವರೆಗೆ ಇದ್ದುದು ಹೊಣೆ. ಮುಚ್ಚಿದ ಮೇಲೆ ಮತ್ತೆ ಮತ್ತೆ ತೆರೆದುದು ಚಿಂತೆ. ಎರಡೂ ಒಂದೇ ಕಾಳಿನ ಮೇಲಣ ಮಮತೆಯಿಂದ ಹುಟ್ಟಿದವು, ಮುಖಸಾಮ್ಯವೂ ಇದೆ, ಆದುದರಿಂದಲೇ ನಾವು ಮೋಸಹೋಗುವುದು. ಪರೀಕ್ಷೆ ಬರೆದು ಬಂದ ಹುಡುಗನಿಂದ ಫಲಿತಾಂಶದವರೆಗೆ ದಿನಕ್ಕೆರಡು ಸಲ ಉತ್ತರಗಳನ್ನು ಹೇಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇ?

ಆದರೆ ಎಲ್ಲ ಚಿಂತೆಯನ್ನೂ ಹೀಗೆ ತಳ್ಳಿಹಾಕುವುದು ಅನ್ಯಾಯವಾದೀತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಹೊಳೆಗೆ ಧುಮುಕಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಕಾಲುವೆಯನ್ನೇ ನಂಬಿ ಭತ್ತ ನಾಟಿ ಮಾಡಿದ್ದ ಸಿರುಗುಪ್ಪದ ರೈತನಿಗೆ ಆ ದಿನಗಳಲ್ಲಿ, "ನಿಶ್ಚಿಂತನಾಗಿರು" ಎಂದು ಬೋಧಿಸುವುದು ಭಕ್ತಿಯಲ್ಲ, ಕಾಠಿಣ್ಯ. ಹೊಲ ಯಾರದೋ ಅವನ ಎದೆ ನಡುಗುವುದು ಸಹಜ. ಆ ವಾರ ಅಣೆಕಟ್ಟಿನ ಮೇಲೆ ಇದ್ದವರನ್ನು ನೆನೆಯೋಣ. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳೂ ಕೆಲಸಗಾರರೂ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ಆ ಕಿಂಡಿ ಮುಚ್ಚಿತು. ಅವರಿಗೆ ಭಯವಿರಲಿಲ್ಲವೆಂದು ನಾವು ಹೇಳಲಾರೆವು. ಭಯವು ಅವರಿಗೆ ಮಾಡಬೇಕಾದ ಮುಂದಿನ ಕೆಲಸವನ್ನು ತೋರಿಸುತ್ತಿತ್ತು. ಅದೇ ವಾರ ದೂರದ ಊರುಗಳಲ್ಲಿ, ಅಂಗೈಯಲ್ಲಿ ಮೊಬೈಲು ಹಿಡಿದು ಅದೇ ಚಿತ್ರವನ್ನು ಹಗಲಿರುಳು ನೋಡಿ ಕಂಗೆಟ್ಟವರೂ ಇದ್ದರು. ಅವರ ಕಳವಳದಿಂದ ಒಂದು ತಂಬಿಗೆ ನೀರೂ ನಿಲ್ಲಲಿಲ್ಲ.

ಇಲ್ಲಿ ನಮ್ಮ ಸಿದ್ಧಾಂತದ ಮಾತು ಬರುತ್ತದೆ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನವೆಂಬ ಪುಟ್ಟ ಪ್ರಕರಣದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಸ್ವತಂತ್ರನು ವಿಷ್ಣುವೊಬ್ಬನೇ. ಇದನ್ನು ಬಾಲ್ಯದಿಂದ ಕೇಳಿದವರು ನಾವು. ಚಿಂತಿಸುವ ಹೊತ್ತಿನಲ್ಲಿ ಮಾತ್ರ, ನಮ್ಮ ಮನಸ್ಸು ಕಾವಲಿದ್ದರೆ ಮಗನ ವಿಮಾನ ಸುಖವಾಗಿ ಇಳಿಯುತ್ತದೆ, ಕಣ್ಣು ಮುಚ್ಚಿದರೆ ಏನೋ ಆಗುತ್ತದೆ ಎಂಬಂತೆ ವರ್ತಿಸುತ್ತೇವೆ. ಅಸ್ವತಂತ್ರನು ಸ್ವತಂತ್ರನ ಕೆಲಸವನ್ನು ಕೈಗೆತ್ತಿಕೊಂಡಂತಾಯಿತು. ದಣಿವಲ್ಲದೆ ಬೇರೇನು ದೊರೆಯಬೇಕು?

ಹಾಗಾದರೆ ಎಲ್ಲವನ್ನೂ ಅವನಿಗೆ ಬಿಟ್ಟು ಕೈಕಟ್ಟಿ ಕುಳಿತರಾಯಿತೇ ಎಂದು ಕೇಳುವವರಿದ್ದಾರೆ. ನಮ್ಮ ಮತದಲ್ಲಿ ಜೀವನ ಕರ್ತೃತ್ವವು ಸತ್ಯವಾದುದು, ಪರಾಧೀನವಾದರೂ ಮಿಥ್ಯೆಯಲ್ಲ. ನೈವೇದ್ಯದ ವೇಳೆಯಲ್ಲಿ ನಾವು ಹೇಳುವ ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯವು ವಿಹಿತಕರ್ಮವನ್ನು ಮಾಡುವುದನ್ನೂ ಬುದ್ಧಿಯನ್ನು ಹರಿಪಾದದಲ್ಲಿ ಬಾಗಿಸಿಡುವುದನ್ನೂ ಒಂದೇ ಉಸಿರಿನಲ್ಲಿ ವಿಧಿಸುತ್ತದೆ. ಪೂಜೆಯ ಕೊನೆಗೆ ಉದ್ಧರಣೆಯಿಂದ ನೀರು ಬಿಟ್ಟು ಕೃಷ್ಣಾರ್ಪಣವೆನ್ನುತ್ತೇವಷ್ಟೆ. ಪೂಜೆಯನ್ನೇ ಮಾಡದೆ ನೀರು ಬಿಡುವವನು ಏನನ್ನು ಅರ್ಪಿಸಿದಂತಾಯಿತು? ಮಾಡಿದುದನ್ನು ಅರ್ಪಿಸಬಹುದು, ಮಾಡದೆ ಬಿಟ್ಟುದನ್ನಲ್ಲ. ಪೂಜೆಯನ್ನು ಮಾಡಿ, ನೀರನ್ನೂ ಬಿಟ್ಟು, ಬಳಿಕ ಅದರ ಫಲ ಬಂತೇ ಬಂತೇ ಎಂದು ತಟ್ಟೆಯಲ್ಲಿ ಇಣುಕುವುದು ನಮ್ಮ ಸಾಮಾನ್ಯ ರೋಗ.

ತಿಳಿದ ಮಾತ್ರಕ್ಕೆ ಮನಸ್ಸು ಕೇಳುವುದಿಲ್ಲವೆಂಬುದೂ ದಿಟ. ವರ್ಷಗಳಿಂದ ಚಿಂತೆಗೆ ಒಗ್ಗಿದ ಮನಸ್ಸಿಗೆ ಅಭ್ಯಾಸವೇ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒಂದು ಕ್ರಮ ನಮಗೆ ಹಿಡಿಸಿತು. ದಿನವೂ ಒಂದೇ ವೇಳೆ, ಒಂದೇ ಸ್ಥಳದಲ್ಲಿ ಅರ್ಧ ಗಂಟೆ ಚಿಂತೆಗೆಂದೇ ಮೀಸಲಿಡುವುದು. ಉಳಿದ ಹೊತ್ತಿನಲ್ಲಿ ಚಿಂತೆ ತಲೆಯೆತ್ತಿದರೆ ಅದನ್ನು ಗುರುತಿಸಿ, ಆ ವೇಳೆಗೆ ಮುಂದೂಡಿ, ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಮೂರು ಹೊತ್ತಿನ ಸಂಧ್ಯಾವಂದನೆಗೆ ಕಾಲನಿಯಮವಿಟ್ಟ ಸಂಪ್ರದಾಯದವರಿಗೆ ಇದು ವಿಚಿತ್ರವೆನಿಸಬಾರದು. ಆ ಅರ್ಧ ಗಂಟೆಯಲ್ಲಿ ಒಂದು ಹಾಳೆ ತೆಗೆದುಕೊಂಡು, ಪ್ರತಿಯೊಂದು ಚಿಂತೆಯ ಮುಂದೆಯೂ ಈ ವಾರ ನಾನು ಮಾಡಬಹುದಾದ ಕೆಲಸ ಏನಿದೆಯೆಂದು ಬರೆಯಬೇಕು. ವೈದ್ಯರನ್ನು ಕಾಣುವುದೋ, ಸಾಲದ ಕಾಗದ ಓದುವುದೋ, ಬೀಗರಿಗೆ ಪತ್ರ ಬರೆಯುವುದೋ ಇದ್ದರೆ ಅದು ಹೊಣೆ, ಮಾಡಿ ಮುಗಿಸಬೇಕು. ಏನೂ ಇಲ್ಲದಿದ್ದರೆ ಅದು ಬರಿಯ ಹೊರೆ. ಒಂದು ಎಚ್ಚರಿಕೆ: ಈ ಅರ್ಧ ಗಂಟೆಯನ್ನು ಜಪದ ವೇಳೆಯೊಳಗೆ ಸೇರಿಸಬಾರದು. ಅದು ಈಗಾಗಲೇ ಅನೇಕರಲ್ಲಿ ಸೇರಿಕೊಂಡಿದೆ. ಮಣಿ ಒಂದು ಕಡೆ ಓಡುತ್ತಿರುತ್ತದೆ, ಮನಸ್ಸು ಬಾಡಿಗೆಯ ಲೆಕ್ಕದಲ್ಲಿರುತ್ತದೆ.

ಇಷ್ಟಾದರೂ ತಹಬಂದಿಗೆ ಬಾರದ ಚಿಂತೆಯೊಂದಿದೆ. ಆರು ತಿಂಗಳಿಗೂ ಮೀರಿ, ಬಹುತೇಕ ದಿನಗಳಲ್ಲಿ, ಸಣ್ಣ ಪುಟ್ಟ ವಿಷಯಕ್ಕೂ ತಡೆಯಲಾರದ ಕಳವಳ, ನಿದ್ರಾಭಂಗ, ಮೈ ಬಿಗಿತ, ದಣಿವು ಇವು ಇದ್ದರೆ ವೈದ್ಯಶಾಸ್ತ್ರವು ಅದನ್ನು ವ್ಯಾಧಿಯೆಂದೇ ಪರಿಗಣಿಸುತ್ತದೆ, ಚಿಕಿತ್ಸೆಯೂ ಇದೆ. ಅಂಥವರನ್ನು ಭಕ್ತಿ ಸಾಲದೆಂದು ಹಳಿಯುವುದು, ಇನ್ನೊಂದು ಪಾರಾಯಣ ಹೇರುವುದು ನಮ್ಮವರಲ್ಲಿ ಉಂಟು. ಇದು ತಪ್ಪೆಂದು ಸ್ಪಷ್ಟವಾಗಿ ಹೇಳುತ್ತೇವೆ. ಜ್ವರ ಬಂದವನಿಗೆ ನಾವು ಗುಳಿಗೆಯನ್ನೂ ಕೊಡುತ್ತೇವೆ, ರಾಯರ ಮಂತ್ರಾಕ್ಷತೆಯನ್ನೂ ಹಾಕುತ್ತೇವೆ. ಇಲ್ಲಿಯೂ ಹಾಗೆಯೇ ಆಗಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ, ಊರು ಬಿಟ್ಟು ಹೋಗಲಾರದವರೂ ಹಣ ತೆರದೆ ಮಾತನಾಡಬಹುದು.

ಚಿಂತೆಯಿರುವವರ ಮನೆಯಲ್ಲಿ ಉಳಿದವರು ಹೇಗೆ ನಡೆದುಕೊಳ್ಳಬೇಕೆಂಬುದು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. "ಚಿಂತೆ ಮಾಡಬೇಡಿ" ಎಂಬ ಮಾತಿಗಿಂತ ಅಗ್ಗವಾದ ಮಾತು ಬೇರೆ ಇಲ್ಲ. ಸೊಸೆಯ ಹೆರಿಗೆಯ ಬಗೆಗೆ ಕಂಗಾಲಾದ ಅತ್ತೆಯವರನ್ನು ಆಸ್ಪತ್ರೆಗೆ ಒಯ್ಯುವ ಗಂಟು ಕಟ್ಟಲು ಕರೆಯಿರಿ. ಹಣದ ವಿಷಯಕ್ಕೆ ನೊಂದ ಯಜಮಾನರ ಪಕ್ಕದಲ್ಲಿ ಕುಳಿತು ಲೆಕ್ಕದ ಪುಸ್ತಕವನ್ನು ಒಟ್ಟಿಗೆ ತೆರೆಯಿರಿ. ಪರದೇಶದ ಮಕ್ಕಳು ವಾರದಲ್ಲಿ ಇಂಥ ದಿನ, ಇಂಥ ಹೊತ್ತಿಗೆ ಎಂದು ಗೊತ್ತುಮಾಡಿ, ಆ ಹೊತ್ತಿಗೆ ತಪ್ಪದೆ ಮಾತನಾಡಿರಿ. ತಾಯಿ ಉಳಿದ ಆರು ದಿನ ದೂರವಾಣಿಯ ಕಡೆ ನೋಡದೆ ಊಟ ಮಾಡುವಂತಾದೀತು.