ಪರದೇಶದ ಅಂಗಡಿಯಲ್ಲಿ ಆಹಾರಶುದ್ಧಿ

ಆಹಾರದ ಶುದ್ಧಿಗೂ ಅಂತಃಕರಣದ ಶುದ್ಧಿಗೂ ಇರುವ ಸಂಬಂಧವನ್ನು ಛಾಂದೋಗ್ಯೋಪನಿಷತ್ತು ಎತ್ತಿ ತೋರಿಸಿದೆ. ಬಿಬವೇವಾಡಿಯಲ್ಲಿ ನೆಲೆಸಿರುವ ನಮಗೆ ಇದರ ಪಾಲನೆ ಅಷ್ಟೇನೂ ಕಠಿಣವಲ್ಲ. ಸಮೀಪದಲ್ಲಿಯೇ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಇದೆ. ಜೋಳ, ಬೇಳೆ, ಬೆಲ್ಲ, ಕಾಯಿಪಲ್ಯೆಗಳನ್ನು ಕಣ್ಣಾರೆ ಕಂಡು, ಕೈಯಾರೆ ಆರಿಸಿ ತರುತ್ತೇವೆ. ವಿಜಾಪುರ, ರಾಯಚೂರು, ಧಾರವಾಡಗಳ ಕಡೆಯಿಂದ ಬಂದ ನಮ್ಮ ಹಿರಿಯರು ಊರು ಬಿಟ್ಟರೂ ಮಡಿಯ ಅಡಿಗೆಯನ್ನು ಬಿಡಲಿಲ್ಲ.

ಈಗ ನಮ್ಮ ಮಕ್ಕಳಲ್ಲಿ ಅನೇಕರು ಅಮೇರಿಕೆಯಲ್ಲಿದ್ದಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ನಾವು ಕೆಲವು ತಿಂಗಳು ಹೋಗಿ ಬರುತ್ತೇವೆ. ಅಲ್ಲಿಯ ದೊಡ್ಡ ಅಂಗಡಿಯೊಂದರಲ್ಲಿ ಸುಮಾರು 30,000 ಬಗೆಯ ಪದಾರ್ಥಗಳಿರುತ್ತವೆ. ಯಾವುದೂ ಹೊಲದಿಂದ ಬಂದಂತೆ ಕಾಣುವುದಿಲ್ಲ. ಎಲ್ಲವೂ ಪೆಟ್ಟಿಗೆಯಲ್ಲಿಯೇ ಹುಟ್ಟಿದಂತೆ ತೋರುತ್ತದೆ. ನೋಡಿ ತಿಳಿಯುತ್ತಿದ್ದ ಶುದ್ಧಿಯನ್ನು ಇಲ್ಲಿ ಓದಿ ತಿಳಿಯಬೇಕು. ಕನ್ನಡಕವಿಲ್ಲದೆ ಆಚಾರ ನಡೆಯದ ಕಾಲ!

ನಮ್ಮ ದೇಶದಲ್ಲಿ 2001ರ ನಿಯಮದಂತೆ ಸಸ್ಯಾಹಾರದ ಪೊಟ್ಟಣಕ್ಕೆ ಹಸಿರು ಚುಕ್ಕೆ ಕಡ್ಡಾಯವಾಯಿತು. ಅಮೇರಿಕೆಯಲ್ಲಿ ಅಂತಹ ಕಡ್ಡಾಯದ ಗುರುತಿಲ್ಲ. ಕೆಲವು ಬಗೆಯ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬೇಕು. ಕೆಲವು ಮೊಸರಿನ ಡಬ್ಬಿಗಳಲ್ಲಿಯೂ ಪ್ರಾಣಿಗಳ ಎಲುಬು-ಚರ್ಮಗಳಿಂದಾದ ಜೆಲಾಟಿನ್ ಇರುತ್ತದೆ. ಕೆಂಪು ಬಣ್ಣಕ್ಕೆ ಬಳಸುವ ಕಾರ್ಮೈನ್ ಒಂದು ಕೀಟದಿಂದ ಬಂದದ್ದು. ಅದನ್ನು ಹೆಸರಿಟ್ಟೇ ನಮೂದಿಸಬೇಕೆಂಬ ನಿಯಮ ಅಲ್ಲಿ ಜಾರಿಗೆ ಬಂದದ್ದು 2011ರಲ್ಲಿ. 'ನ್ಯಾಚುರಲ್ ಫ್ಲೇವರ್' ಎಂಬೆರಡು ಶಬ್ದಗಳ ಮರೆಯಲ್ಲಿ ಮಾಂಸದ ಸಾರವೂ ಅಡಗಿರಬಹುದು. ಯಹೂದ್ಯರ ಕೋಷರ್ ಮುದ್ರೆಯನ್ನು ಕಂಡು ನಿಶ್ಚಿಂತರಾಗುವವರುಂಟು. ಆ ಮುದ್ರೆ ಅವರ ಶಾಸ್ತ್ರಕ್ಕೆ ಸರಿ, ಅದರೊಳಗೆ ಮೀನು, ಮೊಟ್ಟೆಗಳಿಗೆ ತಡೆಯಿಲ್ಲ. ಹಾಗೆ ನೋಡಿದರೆ ನಮ್ಮ ಹಸಿರು ಚುಕ್ಕೆಯಾದರೂ ಈರುಳ್ಳಿ, ಬೆಳ್ಳುಳ್ಳಿಗಳ ವಿಷಯದಲ್ಲಿ ಮೌನವೇ.

ಹೀಗಿರುವಲ್ಲಿ ಕೆಲವು ಹಿರಿಯರು ಎಲ್ಲವನ್ನೂ ಶಂಕಿಸಿ, ಊರಿನಿಂದ ಕಟ್ಟಿಕೊಂಡು ಹೋದ ಅವಲಕ್ಕಿಯ ಮೇಲೆಯೇ ದಿನ ಕಳೆಯುತ್ತಾರೆ. ದಿನವೆಲ್ಲ ದುಡಿದು ಬಂದು ಸ್ನಾನ ಮಾಡಿ ಅಡಿಗೆಗೆ ನಿಂತ ಸೊಸೆಯ ಮುಖ ಬಾಡುತ್ತದೆ. ಬೇರೆ ಕೆಲವರು, ಪರದೇಶಕ್ಕೆ ಬಂದ ಮೇಲೆ ಆಚಾರವೆಲ್ಲಿ ಎಂದು ಕಣ್ಣು ಮುಚ್ಚಿ ಉಣ್ಣುತ್ತಾರೆ. ವಿಚಾರದ ಶ್ರಮವನ್ನು ತಪ್ಪಿಸಿಕೊಂಡವರು ಇಬ್ಬರೂ ಹೌದು. ಯಥಾಶಕ್ತಿ ವಿಚಾರಿಸಿದ ಮೇಲೆಯೂ ತಿಳಿಯದೆ ಒದಗಿದ ದೋಷವನ್ನು, ತಿಳಿದೂ ತಿಳಿಯದಂತಿರುವವನ ದೋಷದೊಡನೆ ತೂಗಲಾಗದು. ಆದರೆ ಶಕ್ತಿಯ ಎಲ್ಲೆಯನ್ನು ನಿಶ್ಚಯಿಸುವವರು ನಾವೇ ಆದುದರಿಂದ, ಆಲಸ್ಯವು ಬಹು ಸುಲಭವಾಗಿ ಅಶಕ್ತಿಯ ವೇಷ ಧರಿಸುತ್ತದೆ.

ಯಾವ ಪದಾರ್ಥದ ಚೀಟಿಯನ್ನು ಬಹಳ ಹೊತ್ತು ಓದಬೇಕಾಗುವುದೋ, ಪ್ರಾಯಶಃ ಅದೇ ನಮಗೆ ಬೇಡವಾದ ಪದಾರ್ಥ. ಅಕ್ಕಿಯ ಚೀಲದ ಮೇಲೆ ಓದುವುದೇನಿದೆ? 1974ರಲ್ಲಿ ಶಿಕಾಗೋದ ಡೆವನ್ ಬೀದಿಯಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ತೆರೆಯಿತು. ಅನಂತರ ಅಂತಹ ಅಂಗಡಿಗಳು ಎಷ್ಟೋ ಊರುಗಳಲ್ಲಿ ಎದ್ದಿವೆ. ತೊಗರಿಬೇಳೆ ಸಿಕ್ಕದ ಊರೆಂದು ಅಳುವ ಕಾರಣ ಬಹುಮಟ್ಟಿಗೆ ಉಳಿದಿಲ್ಲ. ಅಲ್ಲಿಯೇ ಶೀತಪೆಟ್ಟಿಗೆಯಲ್ಲಿ ತಿಂಗಳುಗಳ ಹಿಂದೆ ಬೇಯಿಸಿದ ಚಪಾತಿಯೂ ದೊರೆಯುತ್ತದೆ. ಅದರಲ್ಲಿ ಗೋಧಿ, ಎಣ್ಣೆ, ಉಪ್ಪು ಅಷ್ಟೇ ಇರಬಹುದು. ಆದರೆ ಅಂಗಡಿಯವನು ಎಣಿಸುವುದು ಕೆಡುವ ದಿನವನ್ನು. ಬೇಯಿಸಿ ಯಾಮ ಕಳೆದ ಅನ್ನವನ್ನು ತಾಮಸದಲ್ಲಿ ಸೇರಿಸಿದ ಗೀತೆಯ ಎಣಿಕೆ ಬೆಂದ ಹೊತ್ತಿನಿಂದ ಮೊದಲಾಗುತ್ತದೆ.

ಅಂಗಡಿಗೆ ತಿಂಗಳುಗಳೂ ತಿಳಿಯವು. ಚಾತುರ್ಮಾಸ್ಯದ ಮೊದಲ ತಿಂಗಳಲ್ಲಿ ನಾವು ಶಾಕಗಳನ್ನು ಬಿಡುತ್ತೇವೆ. ಅಲ್ಲಿಯೋ, ಕಾಯಿಪಲ್ಯೆಗಳ ಮೇಲೆ ಹೊತ್ತು ಹೊತ್ತಿಗೆ ತಣ್ಣೀರಿನ ಸಿಂಚನ ನಡೆದೇ ಇರುತ್ತದೆ. ಇದ್ದುದನ್ನು ಬಿಡುವುದೇ ವ್ರತವಾದುದರಿಂದ, ಇಷ್ಟೊಂದು ಇರುವಲ್ಲಿ ಅದರ ರುಚಿ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆಂದು ನಮಗೆ ತೋರುತ್ತದೆ. ಆ ದಿನಗಳಲ್ಲಿ ಮೆಕ್ಸಿಕೋದ ಮಾವಿನಹಣ್ಣು ಬಂದಿರುತ್ತದೆ. ಮಾವು ಶಾಕವ್ರತಕ್ಕೆ ಸಲ್ಲುತ್ತದೆ; ಯಾವ ದೇಶದ ಮಾವೆಂದು ವ್ರತವು ಕೇಳುವುದಿಲ್ಲ. ಅಕ್ಕಿ, ಹೆಸರುಬೇಳೆ, ಹಾಲು, ಮಾವು ಇಷ್ಟೇ ಇರುವ ಗಾಡಿಗೆ ಹಣ ಕೊಡುವಲ್ಲಿ ಹೆಚ್ಚು ಹೊತ್ತೂ ಹಿಡಿಯುವುದಿಲ್ಲ.